ಮಿತಾಹಾರಿಯ ಮನೆಗೆ ಮಾವ ಬಂದಾಗ

ಆರೋಗ್ಯದ ಬಗ್ಗೆ ಬರೆಯುವವನು ಕೆಮ್ಮಬಾರದು. ಸೀನು ಬಂದರೂ ಯಾರಿಗೂ ಕಾಣದಂತೆ ಗೋಡೆ ಕಡೆ ತಿರುಗಿ ಸೀನಬೇಕು. ಹಾಸ್ಯ ಬರೆಯುವವನು ಮುಖ ಗಂಟಿಕ್ಕಿಕೊಂಡು ಕೂತಿದ್ದರೆ ಜನ ‘ಪಾಪ, ಏನೋ ಯೋಚನೆ ಮಾಡ್ತಿದಾರೆ’ ಅನ್ನುತ್ತಾರೆ. ಭಕ್ತಿಗೀತೆ ಬರೆಯುವವನು ದೇವಸ್ಥಾನದ ಕಡೆ ತಲೆ ಹಾಕದಿದ್ದರೆ ‘ಅವರಿಗೆ ದೇವರು ಮನಸ್ಸಿನಲ್ಲೇ ಇದ್ದಾನೆ’ ಅನ್ನುತ್ತಾರೆ. ಆರೋಗ್ಯದ ಅಂಕಣಕಾರನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವನಿಗೆ ಒಂದು ನೆಗಡಿ ಬಂದರೆ ಸಾಕು, ಊರಿಗೆ ಊರೇ ತನಗೆ ಮೋಸವಾಯಿತು ಎಂಬಂತೆ ನೋಡುತ್ತದೆ. ಎಂಬತ್ತರ ದಶಕದಲ್ಲಿ ನಾನು ತುಮಕೂರಿನ ಒಂದು ವಾರಪತ್ರಿಕೆಗೆ ಇಂಥ ಅಂಕಣ ಬರೆಯುತ್ತಿದ್ದೆ. ಆಗ ಬಂದ ನೆಗಡಿಗಳನ್ನೆಲ್ಲ ಕದ್ದುಮುಚ್ಚಿಯೇ ಅನುಭವಿಸಿದ್ದೇನೆ.

ಹಾಗಂತ ನಾನು ವೈದ್ಯನೇನಲ್ಲ. ಕಚೇರಿಯೊಂದರಲ್ಲಿ ಗುಮಾಸ್ತ. ಬಟವಾಡಿ ಬಡಾವಣೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರೇ ಆ ಪತ್ರಿಕೆಯ ಸಂಪಾದಕರು. ಅಲ್ಲಿಯತನಕ ಅಂಕಣ ಬರೆಯುತ್ತಿದ್ದ ಪಂಡಿತರೊಬ್ಬರು ಊರು ಬಿಟ್ಟು ಹೋದಾಗ ಸಂಪಾದಕರು ನಮ್ಮ ಬಾಗಿಲಿಗೆ ಬಂದು, “ನಿಮ್ಮಜ್ಜಿ ಗುಬ್ಬೀಲಿ ಮದ್ದು ಕೊಡ್ತಿದ್ರು ಅಂತಿದ್ರಲ್ಲ ಸಾರ್, ಇನ್ಮೇಲೆ ನೀವೇ ಬರ್ಕೊಡಿ” ಅಂದರು. ಮನೆ ಮಾಲೀಕರ ಮಾತು ತೆಗೆದುಹಾಕುವುದು ಯಾರ ಆರೋಗ್ಯಕ್ಕೂ ಒಳ್ಳೆಯದಲ್ಲ. ಒಪ್ಪಿಕೊಂಡೆ. ನಮ್ಮಜ್ಜಿ ಕೊಡುತ್ತಿದ್ದ ಮದ್ದು ಅಂದರೆ ಎಲ್ಲ ಕಾಯಿಲೆಗೂ ಮೆಣಸು ಜೀರಿಗೆ ಕಷಾಯ, ಅದಕ್ಕೂ ಬಗ್ಗದಿದ್ದರೆ ಒಂದಿಷ್ಟು ಬೈಗುಳ. ಬೈಗುಳವನ್ನು ಅಚ್ಚು ಹಾಕುವಂತಿರಲಿಲ್ಲವಾದ್ದರಿಂದ ಅದರ ಜಾಗದಲ್ಲಿ ನಾನು ಉಪದೇಶ ತುಂಬಿಸುತ್ತಿದ್ದೆ.

ಅಂಕಣದಲ್ಲಿ ನಾನು ಸೂರ್ಯ ಹುಟ್ಟುವ ಮುಂಚೆ ಏಳುತ್ತಿದ್ದೆ. ಜೀರಿಗೆ ಹಾಕಿ ಕಾಯಿಸಿದ ನೀರು ಕುಡಿಯುತ್ತಿದ್ದೆ. ಕಾಫಿಯ ಮುಖ ನೋಡುತ್ತಿರಲಿಲ್ಲ. ಹೊಟ್ಟೆ ತುಂಬುವ ಮುಂಚೆಯೇ ಎಲೆ ಬಿಟ್ಟು ಏಳುತ್ತಿದ್ದೆ. ಅಂಕಣದಿಂದ ಹೊರಗೆ ಬಂದರೆ ಕತೆಯೇ ಬೇರೆ. ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಕೈ ಚಾಚಿದರೆ ಅದರೊಳಗೆ ಕಾಫಿ ಲೋಟ ಬಂದು ಕೂರಬೇಕು. ಬೆಳಿಗ್ಗೆ ಮೇಲೆ ಬೆಣ್ಣೆ ಕರಗುತ್ತಿರುವ ತಟ್ಟೆ ಇಡ್ಲಿ, ಮಧ್ಯಾಹ್ನ ಅವರೆಕಾಳು ಸಾರಿಗೆ ಬಿಸಿ ಮುದ್ದೆ, ರಜಾ ದಿನ ಊಟವಾದ ಮೇಲೆ ತಣ್ಣನೆ ನೆಲದ ಮೇಲೆ ಒಂದು ಚಾಪೆ. ಭಾನುವಾರ ತೆಂಗಿನ ಸಿಪ್ಪೆ ಉರಿ ಹಾಕಿ ಹಂಡೆ ನೀರು ಕಾಯಿಸಿ ನಮ್ಮಾಕೆ ಗಿರಿಜ ತಲೆಗೆ ಎಣ್ಣೆ ಒತ್ತಿದರೆ, ಆ ಹೊತ್ತಿಗೆ ಯಾರಾದರೂ ಬಂದು ಮೈಸೂರು ಅರಮನೆ ಕೊಡ್ತೀವಿ ಅಂದರೂ ‘ಆಮೇಲೆ ಬನ್ನಿ’ ಅನ್ನುತ್ತಿದ್ದೆ. ಬದುಕು ಚೆನ್ನಾಗಿರಲು ನನಗೆ ನಿಜವಾಗಿ ಬೇಕಾಗಿದ್ದದ್ದು ಇಷ್ಟೇ. ಇದನ್ನು ಬರೆದರೆ ಯಾರು ಓದುತ್ತಾರೆ?

ಓದುಗರಾದರೂ ಎಂಥವರು! ಒಂದು ಸಲ ಹೋಟೆಲಿನಲ್ಲಿ ಬೋಂಡಾ ಕೈಗೆತ್ತಿಕೊಂಡಿದ್ದೆ. ಊರಾಚೆ ಸತ್ಯಮಂಗಲದ ಕಡೆ ಫ್ಯಾಕ್ಟರಿಗೆ ಹೋಗುವವನೊಬ್ಬ ಸೈಕಲ್ ನಿಲ್ಲಿಸಿ ಒಳಗೆ ಬಂದು, “ಸಾ, ನೀವ್ ಬರ್ದಿದ್ದು ಓದಿ ಎಣ್ಣೆ ತಿಂಡಿ ಬುಟ್ಟೇಬುಟ್ಟೆ” ಎಂದು ಕೈಮುಗಿದ. ನಾನು ಬೋಂಡವನ್ನು ಅತ್ತಿತ್ತ ತಿರುಗಿಸಿ, “ನೋಡಿದ್ರಾ, ಎಷ್ಟು ಎಣ್ಣೆ ಕುಡಿದಿದೆ! ಇದನ್ನ ಪರೀಕ್ಷೆ ಮಾಡೋಕೇ ಬಂದೆ” ಎಂದು ತಟ್ಟೆಗೆ ವಾಪಸ್ ಇಟ್ಟೆ. ಅವನು ನನ್ನ ಎದುರಿಗೇ ಕೂತು ನೀರು ಕುಡಿದು, ನಾನು ಏಳುವ ತನಕ ಏಳಲಿಲ್ಲ. ಅವತ್ತಿನಿಂದ ಹೋಟೆಲ್ ಸುಖ ನನಗೆ ತಪ್ಪಿಹೋಯಿತು, ಮನೆಯೊಂದೇ ಗತಿಯಾಯಿತು.

ಆ ಮನೆಗೇ ಮಾವನವರು ಬಂದರು. ಅವರದು ಕುಣಿಗಲ್ ಹತ್ತಿರದ ಹಳ್ಳಿ, ತೆಂಗಿನ ತೋಟ, ರಾಗಿ ಹೊಲ. ಹರ್ನಿಯಾ ಆಗಿ ನೋವು ತಿನ್ನುತ್ತಿದ್ದರು. ತುಮಕೂರಿನ ಡಾಕ್ಟರು ನೋಡಿ, “ಆಪರೇಷನ್ ಆಗ್ಲೇಬೇಕು, ತಡ ಮಾಡಿದ್ರೆ ಕಷ್ಟ. ಆದ್ರೆ ರಕ್ತ ತುಂಬಾ ಕಮ್ಮಿ ಇದೆ ಯಜಮಾನ್ರೆ, ಈ ಮೈಗೆ ಈಗ ಕತ್ತರಿ ಹಾಕೋಕಾಗಲ್ಲ. ಮಗಳ ಮನೇಲಿದ್ದು ಚೆನ್ನಾಗಿ ಉಂಡು ಮೈ ಹಿಡಿಸ್ಕೊಂಡು ಬನ್ನಿ” ಅಂದರು. ಗಿರಿಜ ಅವತ್ತೇ ಹುರುಳಿಕಾಳು ಮೊಳಕೆ ಕಟ್ಟಿದಳು, ತುಪ್ಪ ಕಾಯಿಸಿದಳು. ಎಲ್ಲ ಸರಿಯಾಗೇ ಇತ್ತು. ತೊಂದರೆ ಒಂದೇ. ಮಾವನವರು ನನ್ನ ಅಂಕಣದ ಮಹಾ ಅಭಿಮಾನಿ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು, ಊರ ಕಟ್ಟೆಯ ಮೇಲೆ ಕೂತು, “ನಮ್ಮಳಿಯಂದ್ರು ಬರ್ದವ್ರೆ, ಕೇಳ್ರಪ್ಪ” ಎಂದು ಎಲ್ಲರಿಗೂ ಓದಿ ಹೇಳುತ್ತಿದ್ದರಂತೆ. ಅಂಥವರ ಎದುರಿಗೆ ನಾನು ಹಾಸಿಗೆಯಲ್ಲಿ ಕಾಫಿಗೆ ಕೈ ಚಾಚುವುದು ಹೇಗೆ?

ಮಾರನೆಯ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಕೂತೆ. ಗಿರಿಜ ಹೆದರಿ, “ಯಾಕ್ರೀ, ಮೈಗೆ ಹುಷಾರಿಲ್ವಾ?” ಎಂದಳು. ನಾನು ಗಂಭೀರವಾಗಿ ಜೀರಿಗೆ ನೀರು ಕೇಳಿದೆ. ಮಾವನವರೂ, “ನಂಗೂ ಅದೇ ಕೊಡವ್ವ” ಅಂದರು. ಪಕ್ಕದ ಮನೆಯಿಂದ ಕಾಫಿ ಪರಿಮಳ ಬರುತ್ತಿತ್ತು. ನಾವಿಬ್ಬರೂ ಅದರ ಕಡೆಗೆ ಮುಖ ಮಾಡಿಕೊಂಡು ಜೀರಿಗೆ ನೀರು ಕುಡಿದೆವು. ಊಟಕ್ಕೆ ಕೂತಾಗ ನಾನು ಒಂದೇ ಮುದ್ದೆಗೆ ಕೈ ಅಡ್ಡ ಹಿಡಿದು, “ಸಾಕು, ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇರಬೇಕು” ಎಂದೆ. ಮಾವನವರು ಮೆಚ್ಚಿಕೊಂಡು ತಲೆಯಾಡಿಸಿದರು. ಗಿರಿಜ ಅವರ ತಟ್ಟೆಯ ಹತ್ತಿರ ಮುದ್ದೆ ತಂದರೆ ಅವರೂ ಕೈ ಅಡ್ಡ ಹಿಡಿದರು. “ಅಪ್ಪ, ಡಾಕ್ಟ್ರು ಹೇಳಿದ್ದು ಮರ್ತೋಯ್ತಾ?” ಅಂದಳು. “ಸಾಕು ಕಣವ್ವ, ಹೊಟ್ಟೆ ತುಂಬ್ತು” ಅಂದರು.

ಹೀಗೇ ದಿನಗಳು ಉರುಳಿದವು. ನಾನು ಅಂಕಣದಲ್ಲಿದ್ದಂತೆ ಬದುಕತೊಡಗಿದೆ. ಅದೆಂಥ ಕೆಟ್ಟ ಬದುಕು ಅಂತ ಆಗಲೇ ತಿಳಿದದ್ದು. ಕಚೇರಿಯಲ್ಲಿ ಕಡತ ತೆರೆದರೆ ಅಕ್ಷರಗಳು ಕೋಡುಬಳೆಯ ಹಾಗೆ ಕಾಣುತ್ತಿದ್ದವು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲರ ಮೇಲೂ ರೇಗುತ್ತಿದ್ದೆ. ನನ್ನದು ಹಾಗಿರಲಿ, ಮಾವನವರ ಕೆನ್ನೆ ಇನ್ನೂ ಒಳಗೆ ಹೋಯಿತು. ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ರೆಪ್ಪೆ ಕೆಳಗೆಳೆದು ನೋಡಿ, “ಏನ್ ಸಾರ್ ಇದು, ಬಂದಾಗ ಇದ್ದಷ್ಟೂ ಇಲ್ವಲ್ಲ! ಮನೇಲಿ ಊಟ ಹಾಕ್ತೀರೋ ಇಲ್ವೋ?” ಎಂದು ನನ್ನನ್ನೇ ಕೇಳಿದರು. ಆಪರೇಷನ್ ಮುಂದಕ್ಕೆ ಹೋಯಿತು. ಆಟೋದಲ್ಲಿ ಮಾವನವರು ಹೊಟ್ಟೆ ಹಿಡಿದುಕೊಂಡು, ಒಂದೊಂದು ಹಳ್ಳಕ್ಕೂ ಹಲ್ಲು ಕಚ್ಚುತ್ತಿದ್ದರು. ಗಿರಿಜ ಸೆರಗಿನಿಂದ ಅವರ ಹಣೆ ಒರೆಸುತ್ತಿದ್ದಳು. ನನಗೆ ನಿಜವಾಗಿ ಭಯವಾಯಿತು.

ಆ ಸಂಜೆ ಗಿರಿಜ ನನ್ನನ್ನು ಅಡುಗೆಮನೆಗೆ ಕರೆದಳು. “ಅಪ್ಪ ಯಾಕೆ ತಿಂತಿಲ್ಲ ಗೊತ್ತೇನ್ರೀ? ನಿಮ್ಮಿಂದ.”

“ನಾನೇನು ಮಾಡಿದೆ?”

“ಮಗಳ ಮನೇಲಿ ಅಳಿಯನಿಗಿಂತ ಒಂದು ತುತ್ತು ಜಾಸ್ತಿ ತಿನ್ನೋ ಪೈಕಿ ಅಲ್ಲ ಅವರು. ಅಳಿಯ ಎದ್ಮೇಲೆ ತಾನು ಕೂತು ಉಣ್ಣೋದು ಅಂದ್ರೆ ಅವರಿಗೆ ಮರ್ಯಾದೆ ಪ್ರಶ್ನೆ. ನೀವು ಕೈ ತೊಳೆಯೋದನ್ನೇ ನೋಡ್ಕೊಂಡು ಅವರೂ ಕೈ ತೊಳೀತಾರೆ. ಹಿಂಗೇ ಆದ್ರೆ ನಮ್ಮಪ್ಪ ಉಳಿಯಲ್ಲ.”

ನಮ್ಮ ಕಡೆಯ ಹಿರಿಯರ ಈ ಕ್ರಮ ನನಗೆ ತಿಳಿಯದ್ದೇನಲ್ಲ. ನನ್ನ ತಟ್ಟೆಯನ್ನೇ ಮೆರೆಸುತ್ತಿದ್ದವನಿಗೆ ಪಕ್ಕದ ತಟ್ಟೆ ಕಂಡಿರಲಿಲ್ಲ, ಅಷ್ಟೇ. “ಈಗ ಏನು ಮಾಡಲಿ?” ಎಂದೆ.

“ತಿನ್ನಿ.”

“ಮತ್ತೆ ಅಂಕಣ?”

“ಅಂಕಣನ ನಾನು ನೋಡ್ಕೋತೀನಿ. ನೀವು ಮುದ್ದೆ ನೋಡ್ಕೊಳ್ಳಿ.”

ಇಂಥ ಕರ್ತವ್ಯ ಎಷ್ಟು ಜನರ ಪಾಲಿಗೆ ಬರುತ್ತದೆ ಹೇಳಿ! ಮಾರನೆಯ ದಿನ ಊಟಕ್ಕೆ ಕೂತವನು ಧೈರ್ಯ ಮಾಡಿ, “ಗಿರಿಜಾ, ಇನ್ನೊಂದು ಮುದ್ದೆ ಹಾಕು” ಅಂದೆ. ಮಾವನವರು ನನ್ನನ್ನೊಮ್ಮೆ ನೋಡಿ, “ನಂಗೂ ಒಂದು ಹಾಕವ್ವ” ಅಂದರು. ನನ್ನ ಮಾನ ಹೋಯಿತು, ಆದರೂ ಎದೆ ಹಗುರವಾಯಿತು. ನಾನು ಸಾರು ಕೇಳಿದರೆ ಅವರೂ ಸಾರು ಕೇಳಿದರು. ಅವರು ತುಪ್ಪಕ್ಕೆ ಕೈ ಒಡ್ಡಿದರೆ ಅವರಿಗೆ ಸಂಕೋಚವಾಗದಿರಲಿ ಎಂದು ನಾನೂ ಒಡ್ಡಿದೆ. ಜೀರಿಗೆ ನೀರು ಹೋಗಿ ಕಾಫಿ ಬಂತು. ಬೆಳಿಗ್ಗೆ ಇಡ್ಲಿಯ ಮೇಲೆ ಬೆಣ್ಣೆ ಬಂತು. ಒಂದೇ ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ನಾನು ತುತ್ತು ನುಂಗುವಾಗಲೆಲ್ಲ ಮಾವನವರು ಹುಷಾರಿಲ್ಲದ ಮಗುವನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದರು. ಅಂಕಣಕಾರನ ಪತನ ಕಂಡು ಮರುಗುತ್ತಿದ್ದಾರೆ ಅಂದುಕೊಂಡೆ.

ಕೊನೆಗೆ ಡಾಕ್ಟರು ಅವರ ಕೆನ್ನೆ ನೋಡಿ ನಕ್ಕು, ಆಪರೇಷನ್ ಮಾಡಿದರು. ಸುಸೂತ್ರವಾಗಿ ಆಯಿತು. ಹೊಲಿಗೆ ಬಿಚ್ಚಿಸಿಕೊಂಡು, ಒಂದಷ್ಟು ದಿನ ಸುಧಾರಿಸಿಕೊಂಡು ಅವರು ಊರಿಗೆ ಹೊರಟಾಗ ನಾನೇ ಕುಣಿಗಲ್ ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿ ಪಕ್ಕ ಕೂತವರು ನನ್ನ ಕೈ ಹಿಡಿದುಕೊಂಡರು.

“ಅಳಿಯಂದ್ರೆ, ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ಬರ್ಯೋದೇನೋ ಬರೀರಿ, ಅದನ್ನೇ ನೆಚ್ಕೊಂಡು ಹೊಟ್ಟೆ ಮಾತ್ರ ಕಟ್ಟಬೇಡಿ. ಆಪರೇಷನ್ ಮುಂದಕ್ಕೆ ಹೋಯ್ತಲ್ಲ, ಅವತ್ತು ಗಿರಿಜ ಎಷ್ಟು ಅತ್ಲು ಗೊತ್ತಾ? ‘ನಿಮ್ಮಳಿಯಂದ್ರು ಸೊರಗ್ತಾವ್ರೆ ಕಣಪ್ಪ, ನೀನು ಮೆಚ್ಕೋತೀಯ ಅಂತ ಹಟಕ್ಕೆ ಬಿದ್ದವ್ರೆ. ಅವ್ರು ಇನ್ನೊಂದು ಮುದ್ದೆ ಕೇಳಿದ್ರೆ ನೀನೂ ಜೊತೆಗೊಂದು ಹಾಕುಸ್ಕೊ, ಅವ್ರಿಗೆ ನಾಚ್ಕೆ ಆಗ್ಬಾರ್ದು’ ಅಂದ್ಲು. ನಂಗೇನೋ ಅಷ್ಟು ಸೇರ್ತಿರ್ಲಿಲ್ಲ ಬುಡಿ. ನಿಮಗೋಸ್ಕರ ತಿಂದೆ.”

ಬಸ್ಸು ಹೊರಟುಹೋಯಿತು. ನಾನು ಬಾಯಿ ಬಿಟ್ಟುಕೊಂಡು ಅಲ್ಲೇ ನಿಂತಿದ್ದೆ. ಮನೆಗೆ ಬಂದರೆ ಗಿರಿಜ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

“ಅಲ್ವೇ, ನನಗೊಂದು ಹೇಳಿದೆ, ನಿಮ್ಮಪ್ಪನಿಗೊಂದು ಹೇಳಿದೆ. ಅದರಲ್ಲಿ ಸುಳ್ಳು ಯಾವುದು?”

ಅವಳು ತಲೆ ಎತ್ತಲೂ ಇಲ್ಲ. “ಸುಳ್ಳು ಯಾಕ್ರೀ ಹೇಳ್ಲಿ? ಇಬ್ಬರೂ ಒಣಗಿ ಕಡ್ಡಿ ಆಗಿದ್ರಿ. ಒಬ್ಬರಿಗಾದ್ರೂ ಹಸಿವು ಅಂತ ಬಾಯಿಬಿಟ್ಟು ಕೇಳೋ ಬುದ್ಧಿ ಇತ್ತಾ?”

ನಾನೂ ಅವಳ ಪಕ್ಕ ಕೂತು ಅವರೆಕಾಯಿಗೆ ಕೈ ಹಾಕಿದೆ. ನಾನು ಇಷ್ಟು ಕಾಲ ಗಟ್ಟಿಮುಟ್ಟಾಗಿ ಇರುವುದು ಯಾರ ದಯೆಯಿಂದ ಅಂತ ಅವತ್ತು ತಿಳಿಯಿತು. ಅವಳು ನನ್ನ ಅಂಕಣದ ಒಂದು ಸಾಲನ್ನೂ ಓದಿದವಳಲ್ಲ. ಅದಕ್ಕೂ ನಾನು ಋಣಿ.

ಆ ವಾರದ ಅಂಕಣ ಇನ್ನೂ ಕೊಟ್ಟಿರಲಿಲ್ಲ. ಸಂಪಾದಕರು ಎರಡು ಸಲ ಬಾಗಿಲು ಬಡಿದು ಹೋಗಿದ್ದರು. ಊಟ ಮುಗಿಸಿ, ನೆಲದ ಮೇಲೆ ಹಲಗೆ ಇಟ್ಟುಕೊಂಡು, ಕಾಗದದ ತಲೆಯ ಮೇಲೆ ‘ಮಿತಾಹಾರದ ಮಹಿಮೆ’ ಎಂದು ಬರೆದೆ. ಮುಂದಿನ ಸಾಲಿಗೆ ಬಗ್ಗಲು ಹೋದರೆ ಹೊಟ್ಟೆ ಅಡ್ಡ ಬಂತು. ಗೋಡೆಗೆ ಒರಗಿ, ಹಲಗೆಯನ್ನು ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ಬರೆದು ಮುಗಿಸಿದೆ.