ಸಂಕೋಚದ ಕೂಸು

ಆ ಭಾನುವಾರ ಬೆಳಗ್ಗೆ ಶಿವಪ್ರಕಾಶ ಮಾಡಿದ ಮೊದಲ ತಪ್ಪೆಂದರೆ, ಚಕ್ಕಲಿ ಡಬ್ಬಿಯನ್ನು ಟಿಜೋರಿಯಲ್ಲಿಟ್ಟು ಕೀಲಿ ಹಾಕಿದ್ದು.

"ಬಂಗಾರ ಹೊರಗ, ಚಕ್ಕಲಿ ಟಿಜೋರಿಯಾಗ," ಎಂದರು ಅವನ ಅವ್ವ ಗಿರಿಜಾಬಾಯಿ, ಕೈಬಳೆ ಮುಟ್ಟಿಕೊಳ್ಳುತ್ತ. "ನಾ ಏನು ಕಳ್ಳಿ ಏನೋ ಈ ಮನಿಯಾಗ?"

"ಇವತ್ತೊಂದಿನ ಅವ್ವಾ. ಸಂಜಿ ಐದರ ತನಕ. ಕೇದಾರ ತಾನ ಕೇಳೋ ತನಕ ಯಾರೂ ಅವಗ ಏನೂ ತಿನ್ನಾಕ ಕೊಡಬ್ಯಾಡ್ರಿ."

"ಕೂಸು ಕೇಳಿ ತಿನ್ನಬೇಕೇನು? ಬೇಡಿ ತಿನ್ನೂದು ನಮ್ಮ ಮನಿತನದಾಗ ಇಲ್ಲ."

ತೊಡಕು ಇದ್ದದ್ದೇ ಅಲ್ಲಿ. ಶಿವಪ್ರಕಾಶನ ಆರು ವರ್ಷದ ಮಗ ಕೇದಾರನಿಗೆ ಆಟಿಸಂ. ಮಾತು ಇನ್ನೂ ಬಂದಿರಲಿಲ್ಲ. ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿದ್ದ ಥೆರಪಿ ಸೆಂಟರಿನಲ್ಲಿ ಅಹಲ್ಯಾ ಮೇಡಂ ಅವನಿಗೆ, ಬೇಕಾದ್ದನ್ನು ಚಿತ್ರದ ಕಾರ್ಡು ಎದುರಿನವರ ಕೈಗಿತ್ತು ಕೇಳುವುದನ್ನು ಕಲಿಸುತ್ತಿದ್ದರು. ನೀರು ಬೇಕಾದರೆ ಲೋಟದ ಕಾರ್ಡು, ಚಕ್ಕಲಿ ಬೇಕಾದರೆ ಚಕ್ಕಲಿಯ ಕಾರ್ಡು, ಸಾಕಾದರೆ ಕೆಂಪು ಅಂಗೈಯ ಕಾರ್ಡು. ಸೆಂಟರಿನಲ್ಲಿ ಹುಡುಗ ಲೀಲಾಜಾಲವಾಗಿ ಕೇಳುತ್ತಿದ್ದ. ಮನೆಯಲ್ಲಿ ಮಾತ್ರ ಗೋಡೆಗೆ ಅಂಟಿಸಿದ ಕಾರ್ಡುಗಳು ಅಂಟಿಸಿದಲ್ಲೇ ಇದ್ದವು. ಅಲುಗುವುದಾದರೂ ಯಾಕೆ? ಅವನು ಆಕಳಿಸಿದರೆ ಸಾಕು, ಬಾಯಿ ಮುಚ್ಚುವುದರೊಳಗೆ ಅಜ್ಜಿಯ ತುತ್ತು ಒಳಗಿರುತ್ತಿತ್ತು.

ಅಹಲ್ಯಾ ಮೇಡಂ ರಾಯಚೂರಿನ ಕಡೆಯವರು, ನೇರ ಮಾತು. "ಮನ್ಯಾಗ ತಾನ ಕಾರ್ಡು ಕೊಡೋದು ಒಂದು ವಿಡಿಯೋ ಮಾಡಿ ರವಿವಾರ ಸಂಜಿ ಐದರೊಳಗ ಕಳಸ್ರಿ. ಮನ್ಯಾಗ ನಡಿಲಿಲ್ಲಂದ್ರ ಜಾಗಾ ಮುಂದಿನ ಕೂಸಿಗೆ ಕೊಡಬೇಕಾಗ್ತೈತಿ. ಹೊರಗ ಭಾಳ ಮಂದಿ ಕಾಯಾಕತ್ತಾರ್ರಿ."

ಆ ಜಾಗ ಸಿಗಬೇಕಾದರೆ ಶಿವಪ್ರಕಾಶನ ಹೆಂಡತಿ ಐಶ್ವರ್ಯಾ ವರ್ಷಗಟ್ಟಲೆ ಸೆಂಟರಿನ ಮೆಟ್ಟಿಲು ಸವೆಸಿದ್ದಳು. ಈ ಭಾನುವಾರ ಅವಳಿಗೆ ಗಚ್ಚಿಬೌಲಿಯ ಆಫೀಸಿನಲ್ಲಿ ಡ್ಯೂಟಿ ಬಿದ್ದಿತ್ತು. ಕ್ಯಾಬ್ ಹತ್ತುವಾಗ, "ಇದೊಂದ ಕೆಲಸ ನಿಮಗ ಬಿಟ್ಟು ಹೊಂಟೀನಿ," ಎಂದಿದ್ದಳು. ಆ 'ಇದೊಂದ' ಅನ್ನುವುದರಲ್ಲಿ ಮದುವೆಯಾದಾಗಿನಿಂದ ಅವನನ್ನು ನಂಬಿ ಒಪ್ಪಿಸದ ಕೆಲಸಗಳೆಲ್ಲ ಇದ್ದವು. ಶಿವಪ್ರಕಾಶನದು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಕೆಟ್ಟ ಗುಳಿಗೆ ಹಿಡಿಯುವ ಕೆಲಸ. ಅಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಗುಳಿಗೆಯೂ ಹೊರಗೆ ಹೋಗುತ್ತಿರಲಿಲ್ಲ. ಮನೆಯ ಮಾತು ಬೇರೆ.

ಹತ್ತು ಹೊಡೆದರೂ ಕೇದಾರ ಹಸಿವೆಯ ಸುಳಿವೇ ಇಲ್ಲದೆ ಚೆಂಡು ಉರುಳಿಸುತ್ತ ಕೂತಿದ್ದ. ಶಿವಪ್ರಕಾಶನಿಗೆ ಗುಮಾನಿ ಬಂತು. ದೇವರ ಜಗಲಿಯ ಹಿಂದೆ ಕೈಹಾಕಿದ. ಉಂಡಿ ಮುಗಿದು ತಳ ಕಂಡ ಡಬ್ಬಿ ಸಿಕ್ಕಿತು.

"ಅವ್ವಾ, ಇದೇನಿದು?"

"ಪ್ರಸಾದ. ದೇವ್ರ ಪ್ರಸಾದಕ್ಕೂ ಕಾರ್ಡು ಬೇಕೇನೋ?"

ಇನ್ನು ಅವ್ವನ ಕೈಯಳತೆಯಲ್ಲಿ ಹುಡುಗನನ್ನು ಬಿಡಬಾರದೆಂದು, ಮೇಲಿನ ಮನೆಯ ಸೋಮಣ್ಣ ಕಾಕಾ ಟೆರೇಸಿನ ಮೇಲೆ ಗಾಳಿ ತೋರಿಸಿ ತರುತ್ತೇನೆ ಎಂದಾಗ ಸಂತೋಷದಿಂದಲೇ ಕಳಿಸಿಕೊಟ್ಟ. ಸೋಮಣ್ಣನವರು ಬೀದರ ಕಡೆಯವರು, ರಿಟೈರ್ ಆದ ಮೇಲೆ ಇಡೀ ಅಪಾರ್ಟ್‌ಮೆಂಟಿನ ಯೋಗಕ್ಷೇಮ ತಾವೇ ವಹಿಸಿಕೊಂಡವರು. ಮುಕ್ಕಾಲು ತಾಸಿಗೆ ಇಬ್ಬರೂ ಇಳಿದು ಬಂದರು. ಕೇದಾರನ ಅಂಗಿಯ ಮೇಲೆಲ್ಲ ಚುರುಮುರಿ.

"ಏನೂ ಕೊಟ್ಟಿಲ್ಲೇಳಪಾ," ಎಂದರು ಸೋಮಣ್ಣ. "ಬಾಳಿಹಣ್ಣು ತಿನ್ನೋದ್ರಾಗ ಲೆಕ್ಕೇನು? ಅದ್ರ ಮ್ಯಾಲೆ ಜರಾ ಚುರುಮುರಿ, ಅಷ್ಟ. ಏನ ಅನ್ನು, ಭಾಳ ಸಂಕೋಚದ ಕೂಸು. ಮ್ಯಾಲೆ ಬರೂಮುಂದ ಗ್ವಾಡಿಯಿಂದ ಇದನ್ನ ಕಿತ್ಕೊಂಡು ಬಂದಿತ್ತು, ನನ್ನ ಕೈಯಾಗ ಇಟ್ಟು ಮುಖಾ ತಿರುಗಿಸ್ತು. ನಾನ ಒತ್ತಾಯ ಮಾಡಿ ಇನ್ನೊಂದು ಹಣ್ಣು ತಿನ್ನಿಸಿದೆ."

ಅವರ ಕೈಯಲ್ಲಿ ಕೆಂಪು ಅಂಗೈಯ ಕಾರ್ಡಿತ್ತು. ಶಿವಪ್ರಕಾಶ ಅದನ್ನು ಕಸಿದುಕೊಂಡು ಗೋಡೆಗೆ ಅಂಟಿಸಿದ. ಅವನ ಜೀವವೆಲ್ಲ ಚಕ್ಕಲಿ ಕಾರ್ಡಿನ ಮೇಲಿತ್ತು.

ನಾಲ್ಕು ಗಂಟೆಗೆ ಐಶ್ವರ್ಯಾಳ ಫೋನು. "ಆತೇನ್ರಿ ವಿಡಿಯೋ?"

"ಆಗಾಕತ್ತೈತಿ," ಎಂದ ಶಿವಪ್ರಕಾಶ, ಟಿಜೋರಿಯ ಕೀಲಿ ತೆಗೆಯುತ್ತ.

ಮೊಬೈಲನ್ನು ಡಬ್ಬಿಗಳಿಗೆ ಆನಿಸಿ ನಿಲ್ಲಿಸಿದ. ಕೇದಾರನ ಎದುರು ತಟ್ಟೆ ತುಂಬ ಚಕ್ಕಲಿ ಇಟ್ಟುಕೊಂಡು ಕೂತ. ಸುದ್ದಿ ಹೇಗೆ ಹಬ್ಬಿತೋ, ಎದುರು ಮನೆಯ ದೀಪಾಲಿ ವೈನಿ ಶಂಕರಪಾಳಿಯ ತಾಟು ಹಿಡಿದು ಬಂದರು. ಸೋಮಣ್ಣ ಸೋಫಾದ ಮೇಲೆ ಕೂತರು. ಯಾರೂ ಉಸಿರೆತ್ತಬಾರದು ಎಂದು ಶಿವಪ್ರಕಾಶ ಕೈಮುಗಿದು ಕೇಳಿಕೊಂಡ. ಎಲ್ಲರೂ ತಲೆಯಾಡಿಸಿದರು.

ಕೇದಾರ ಚಕ್ಕಲಿ ನೋಡಿದ. ಅಪ್ಪನನ್ನು ನೋಡಿದ. ಎದ್ದು ಗೋಡೆಯ ಹತ್ತಿರ ಹೋದ. ಎಲ್ಲರೂ ಕತ್ತು ಚಾಚಿದರು. ಅವನು ಅಂಗೈ ಕಾರ್ಡು ಕಿತ್ತು ತಂದು ಅಪ್ಪನ ಕೈಯಲ್ಲಿಟ್ಟ.

"ಇದಲ್ಲೋ ರಾಜಾ, ಅದು, ಅದು," ಎಂದು ಶಿವಪ್ರಕಾಶ ಅದನ್ನು ಮರಳಿ ಗೋಡೆಗೆ ಹಚ್ಚಿದ. ಹುಡುಗ ಮತ್ತೆ ಅದನ್ನೇ ತಂದ. ಈ ಸಲ ಅಜ್ಜಿಯ ಕೈಗೆ ಕೊಟ್ಟ.

"ನೋಡ್ರಿ, ಮಂದಿ ಮುಂದ ತಿನ್ನಾಕ ಸಂಕೋಚ ಮಾಡ್ಕೊಳ್ಳಾಕತ್ತೈತಿ," ಎಂದು ಗಿರಿಜಾಬಾಯಿ ಒಂದು ಚಕ್ಕಲಿ ಮುರಿದು ಅವನ ಬಾಯಿಗೆ ಹಿಡಿದರು. ದೀಪಾಲಿ ವೈನಿಯ ಕೈಗೂ ಕಾರ್ಡು ಬಂತು. "ಅಯ್ಯ, ನನಗ ಟಾಟಾ ಮಾಡಾಕತ್ತಾನ," ಎಂದು ಅವರು ಶಂಕರಪಾಳಿ ಮುಂದೆ ಹಿಡಿದರು.

"ಅವಗ ಪದ್ಧತಿ ತೋರಸಬೇಕ್ರಪಾ," ಎಂದು ಸೋಮಣ್ಣ ಸೋಫಾದಿಂದ ಎದ್ದರು. ಚಕ್ಕಲಿ ಕಾರ್ಡು ಕಿತ್ತು ಶಿವಪ್ರಕಾಶನಿಗೆ ಕೊಟ್ಟರು. ಪದ್ಧತಿ ಪದ್ಧತಿಯೇ, ಶಿವಪ್ರಕಾಶ ಚಕ್ಕಲಿ ಕೊಟ್ಟ. ಸೋಮಣ್ಣ ಕಟಕ್ಕನೆ ಕಡಿದರು. "ತಿಳೀತೇನೋ ಕೇದಾರ? ಇನ್ನೊಮ್ಮೆ ನೋಡು." ಮತ್ತೆ ಕಾರ್ಡು, ಮತ್ತೆ ಚಕ್ಕಲಿ. ಪಾಠ ತಲೆಗೆ ಹೋಗಲಿ ಎಂದು ಅವರು ಎಷ್ಟು ಶ್ರದ್ಧೆಯಿಂದ ತೋರಿಸಿದರೆಂದರೆ, ತಟ್ಟೆ ಖಾಲಿಯಾಯಿತು. ಕೇದಾರ ಅಂಗೈ ಕಾರ್ಡನ್ನು ಮೊಬೈಲಿನ ಎದುರಿಗೇ ಒರಗಿಸಿಟ್ಟು, ಕಿವಿ ಮುಚ್ಚಿಕೊಂಡು ಒಳಗೆ ಹೋಗಿ ಮಲಗಿಬಿಟ್ಟ.

ಐದಕ್ಕೆ ಇನ್ನು ಎರಡೇ ನಿಮಿಷ. ಇಡೀ ವಿಡಿಯೋದಲ್ಲಿ ಸರಿಯಾಗಿ ಕೇಳಿ ತಿಂದವರು ಸೋಮಣ್ಣ ಕಾಕಾ ಒಬ್ಬರೇ. ಬೇರೆ ದಾರಿಯಿಲ್ಲದೆ ಶಿವಪ್ರಕಾಶ ಅದನ್ನೇ ಕಳಿಸಿದ. ಹೆಂಡತಿಗೆ ಏನು ಹೇಳುವುದು? ನೀ ಗಳಿಸಿದ ಜಾಗ ನಾ ಒಂದು ತಟ್ಟೆ ಚಕ್ಕಲಿಯಲ್ಲಿ ಕಳೆದೆ ಅನ್ನುವುದೇ? ಅವನಿಗೆ ಅಳುವೇ ಬಂದಂತಾಯಿತು.

ಆರಕ್ಕೆ ಐಶ್ವರ್ಯಾ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಅಹಲ್ಯಾ ಮೇಡಂ ಫೋನು ಬರುವುದಕ್ಕೂ ಸರಿಹೋಯಿತು. ಅವಳೇ ಸ್ಪೀಕರ್ ಹಾಕಿದಳು.

"ಮೇಡಂ, ತಪ್ಪಾತ್ರಿ," ಎಂದು ಶಿವಪ್ರಕಾಶ ಮೊದಲೇ ಶುರುಮಾಡಿದ. "ಒಮ್ಮೆನೂ ಕೇಳಲಿಲ್ಲ ಅಂವ."

"ಕೇಳಲಿಲ್ಲ ಅಂತೀರಲ್ರೀ? ಇಡೀ ವಿಡಿಯೋ ತುಂಬ ಕೇಳ್ಯಾನ. ಸಾಕು ಅಂತ ನಿಮಗ ಹೇಳಿದ, ಅಜ್ಜಿಗೆ ಹೇಳಿದ, ಆ ಶಂಕರಪಾಳಿ ಹಿಡಿದ ಬಾಯಾರಿಗೆ ಹೇಳಿದ. ಯಾರೂ ಕೇಳದಾಗ ಕ್ಯಾಮೆರಾಕ್ಕ ಹೇಳಿ ಹ್ವಾದ. ತಾನ ಎದ್ದು, ಸರಿಯಾದ ಕಾರ್ಡು ತಂದು. ಇದಕ್ಕಿಂತ ಛಲೋ ನಮ್ಮ ಸೆಂಟರಿನ್ಯಾಗೂ ಮಾಡಿಲ್ಲ."

ಬೆಳಗಿನಿಂದ ಮಗ ತನ್ನ ಜೊತೆ ಮಾತಾಡುತ್ತಲೇ ಇದ್ದ, ತಾನು ಆ ಮಾತನ್ನು ಮತ್ತೆ ಮತ್ತೆ ಗೋಡೆಗೆ ಅಂಟಿಸುತ್ತ ಬಂದೆ ಎಂದು ಹೊಳೆದು ಶಿವಪ್ರಕಾಶನಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಐಶ್ವರ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಜಾಗಾ ಕೇದಾರಂದ ಉಳೀತು," ಎಂದರು ಮೇಡಂ. "ಆದ್ರ ಶನಿವಾರದಿಂದ ನೀವೂ ಬರಬೇಕು, ನಿಮ್ಮ ಅವ್ವಾರೂ ಬರಬೇಕು. ಸಾಕು ಅಂದ್ರ ಸಾಕು ಅಂತ ತಿಳಕೊಳ್ಳಾಕ. ನಿಮ್ಮ ಮನ್ಯಾಗ ಯಾರಿಗೂ ಅದು ಬರಂಗಿಲ್ಲ."

"ಮತ್ತ ನಾನ್ರಿ?" ಎಂದರು ಸೋಮಣ್ಣ, ಇನ್ನೂ ಮನೆಗೆ ಹೋಗದವರು.

"ನಿಮಗ ಕೇಳೋದು ಬರ್ತೈತ್ರಿ ಯಜಮಾನ್ರ. ನೀವು ಆರಾಮ ಇರ್ರಿ."

ಗೆದ್ದ ಸಂತೋಷಕ್ಕೆ ರಾತ್ರಿ ಊಟಕ್ಕೆ ಶೇಂಗಾ ಹೋಳಿಗೆ. ಮೊದಲ ಹೋಳಿಗೆ ತಿಂದ ಕೇದಾರನಿಗೆ ಗಿರಿಜಾಬಾಯಿ ಎರಡನೆಯದು ಹಾಕಲು ಬಗ್ಗಿದರು. ಅವನು ಅಂಗೈ ಕಾರ್ಡು ತಂದು ಅವರ ಕೈಯಲ್ಲಿಟ್ಟ. ಮುದುಕಿಯ ಕೈ ಅಲ್ಲೇ ನಿಂತಿತು. ಎಂಟು ಮಕ್ಕಳ ಮನೆಯಲ್ಲಿ ಹುಟ್ಟಿ, ಬಡಿಸುವುದೊಂದೇ ಧರ್ಮ ಎಂದು ಬಾಳಿದ ಕೈ ಅದು. ಸ್ವಲ್ಪ ಹೊತ್ತು ಕಾರ್ಡನ್ನೇ ನೋಡಿದರು.

"ಹೂಂ ನನ್ನಪ್ಪ. ಸಾಕಂದ್ರ ಸಾಕು," ಎಂದು ಹೋಳಿಗೆ ಹಿಂದಕ್ಕೆ ತೆಗೆದರು. ಕೇದಾರ ಅಜ್ಜಿಯ ತೊಡೆಗೆ ಒರಗಿ ಕೂತ.

ಆದರೆ ಎತ್ತಿದ ಹೋಳಿಗೆ ಎಲ್ಲಾದರೂ ಇಳಿಯಬೇಕಲ್ಲ. ಅದು ಮೂರು ತಿಂದು ಏದುಸಿರು ಬಿಡುತ್ತಿದ್ದ ಶಿವಪ್ರಕಾಶನ ತಾಟಿಗೆ ಇಳಿಯಿತು, ಮೇಲೊಂದು ಚಮಚ ತುಪ್ಪದ ಸಮೇತ.

"ಸಾಕವ್ವಾ."

"ಇರ್ಲಿ ತಿನ್ನೋ."

ಅವನು ಕೆಳಗಿದ್ದ ಅಂಗೈ ಕಾರ್ಡು ಎತ್ತಿ ಅವ್ವನ ಮುಖದ ಮುಂದೆ ಹಿಡಿದ. ಗಿರಿಜಾಬಾಯಿ ಅದನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡು ಮೊಮ್ಮಗನ ಮಡಿಲಲ್ಲಿಟ್ಟರು.

"ಇದು ಕೂಸಿಂದು. ನಿಂದು ಶನಿವಾರದಿಂದ ಶುರು," ಎಂದು ಇನ್ನೊಂದು ಹಾಕಿದರು.