ತ್ರಿಕೋನದ ತುದಿಯಲ್ಲಿ ಕೆಂಚವ್ವ

ಮೂವತ್ತೈದು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದ ಮೂಡಲಗಿಯ ಗುರುಲಿಂಗಪ್ಪನವರಿಗೆ ಒಂದು ದಿನವೂ ಶಾಕ್ ಹೊಡೆದಿರಲಿಲ್ಲ. ನಿವೃತ್ತರಾದ ಮೂರನೇ ತಿಂಗಳಿಗೆ ಹೊಡೆಯಿತು. ಹೊಡೆದದ್ದು ಮೊಬೈಲು. ಮನೆಯಲ್ಲೇ ರೆಕಾರ್ಡಿಂಗ್ ಸ್ಟುಡಿಯೋ ಮಾಡುವುದು ಹೇಗೆಂದು ಯಾರೋ ಗಡ್ಡದವನೊಬ್ಬ ಹನ್ನೊಂದು ನಿಮಿಷದಲ್ಲಿ ಹೇಳಿಕೊಟ್ಟಿದ್ದ. ಗುರುಲಿಂಗಪ್ಪನವರು ಆ ವಿಡಿಯೋವನ್ನು ನಲವತ್ತು ಸಲ ನೋಡಿದರು. ನಲವತ್ತೊಂದನೆಯ ಸಲಕ್ಕೆ ಆ ಗಡ್ಡದವನೇ ತಮ್ಮ ಶಿಷ್ಯನೆಂಬ ನಿಲುವಿಗೆ ಬಂದರು.

ಯೋಚನೆ ಪೂರ್ತಿ ಹುಚ್ಚಿನದೇನಲ್ಲ. ಈ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಡೀಸೆಲ್ ಎಷ್ಟು ಬೇಕೋ ಹಾಡೂ ಅಷ್ಟೇ ಬೇಕು. ಎಂಜಿನ್ನಿಗಿಂತ ದೊಡ್ಡ ಸ್ಪೀಕರ್ ಪೆಟ್ಟಿಗೆ ಹೊತ್ತ ಟ್ರ್ಯಾಕ್ಟರು ಒಂದೂರಿನ ಮುಂದೆ ಹಾದರೆ ಮೂರೂರಿನ ಎಮ್ಮೆಗಳು ಹಾಲು ಇಳಿಸುವುದಿಲ್ಲ. ಆ ಹಾಡುಗಳನ್ನೆಲ್ಲ ಯಾರೋ ಎಲ್ಲೋ ರೆಕಾರ್ಡು ಮಾಡಲೇಬೇಕಲ್ಲ? ಆ ಯಾರೋ ತಾವೇ, ಆ ಎಲ್ಲೋ ತಮ್ಮ ಮನೆಯ ಒಳಕೋಣೆಯೇ ಎಂದು ಅವರು ತೀರ್ಮಾನಿಸಿದರು. ಹಳೆಯ ಮಣ್ಣಿನ ಗೋಡೆ. ಎಷ್ಟು ದಪ್ಪವೆಂದರೆ ಒಳಗೆ ಸೀನಿದ್ದು ಹೊರಗೆ ಕೇಳಲು ಮರುದಿನವಾಗುತ್ತದೆ.

ಕೋಣೆಯ ಮೇಲೆ ಹೆಂಡತಿ ದಾಕ್ಷಾಯಿಣಿಯವರ ಕಣ್ಣೂ ಇತ್ತು. ಅವರಿಗೆ ಅಲ್ಲಿ ಶಾವಿಗೆ ಮಷೀನು ಹಾಕಬೇಕಿತ್ತು.

"ಹಾಡಾಕ ಬರಂಗಿಲ್ಲ, ಬಾರಸಾಕ ಬರಂಗಿಲ್ಲ. ಸ್ಟುಡಿಯೋದಾಗ ಕುಂತು ನೀವೇನ್ ಮಾಡಾವ್ರು?"

"ಸೌಂಡ್ ಎಂಜಿನಿಯರ್ ಹಾಡಬೇಕಂತಿಲ್ಲ. ಕಿವಿ ಇದ್ರ ಸಾಕು."

"ಹತ್ತ ಸಲ ಕರದ್ರೂ ಓ ಅನ್ನಂಗಿಲ್ಲಲ್ಲ, ಆ ಕಿವಿ ಏನ್ರಿ?"

ಕೊನೆಗೆ ಒಪ್ಪಂದವಾಯಿತು. (ಒಪ್ಪಂದವೆಂದರೆ ದಾಕ್ಷಾಯಿಣಿಯವರು ಹೇಳಿದ್ದು, ಗುರುಲಿಂಗಪ್ಪನವರು ಕೇಳಿದ್ದು.) ಮೊದಲನೇ ಹಾಡನ್ನು ಜನ ಮೆಚ್ಚಿದರೆ ಕೋಣೆ ಸ್ಟುಡಿಯೋಕ್ಕೆ. ಕೆಟ್ಟಿತೋ, ಮರುದಿನವೇ ಶಾವಿಗೆ ಮಷೀನಿನ ಗೃಹಪ್ರವೇಶ.

ಸಾಮಾನು ಬಂತು. ಮೈಕು, ಮಿಕ್ಸರು, ಗರಗರ ತಿರುಗುವ ಕುರ್ಚಿ, ಜೊತೆಗೆ ಎರಡು ಮಾನಿಟರ್ ಸ್ಪೀಕರು. ಈ ಮಾನಿಟರ್ ಸ್ಪೀಕರುಗಳ ಸ್ವಭಾವ ಬೇರೆ. ಅವು ಹಾಡಿಗೆ ಪೌಡರು ಬಳಿದು ಚಂದಗಾಣಿಸುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಖದ ಮೇಲೆ ಹೇಳುತ್ತವೆ. ಇಂಥ ಸ್ವಭಾವದವರು ಆ ಮನೆಯಲ್ಲಿ ಮೊದಲೇ ಇಬ್ಬರಿದ್ದರು, ಅವರಿಗೆ ಕರೆಂಟೂ ಬೇಕಿರಲಿಲ್ಲ. ಒಬ್ಬರು ಹೆಂಡತಿ, ಇನ್ನೊಬ್ಬರು ಎಂಬತ್ತು ದಾಟಿದ ತಾಯಿ ಕೆಂಚವ್ವ.

ವಿಡಿಯೋದ ಆಜ್ಞೆ ಸ್ಪಷ್ಟವಾಗಿತ್ತು. ಎರಡು ಸ್ಪೀಕರು, ಕೇಳುವವನ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನವಾಗಬೇಕು. ಸ್ಪೀಕರು ಕಿವಿಯ ಎತ್ತರಕ್ಕಿರಬೇಕು. ಗೋಡೆಗೆ, ಅದರಲ್ಲೂ ಮೂಲೆಗೆ, ತಾಗಲೇಬಾರದು. ಗುರುಲಿಂಗಪ್ಪನವರು ಟೇಪು ಹಿಡಿದು, ಸುಣ್ಣದ ಗೆರೆ ಎಳೆದು, ಚಂದ್ರನ ಮೇಲೆ ಇಳಿಯುವವರಷ್ಟು ಲೆಕ್ಕ ಹಾಕಿ ಸ್ಪೀಕರು ನಿಲ್ಲಿಸಿದರು. ತ್ರಿಕೋನದ ತುದಿ ಸರಿಯಾಗಿ ಅದೇ ಕೋಣೆಯಲ್ಲಿದ್ದ ಕೆಂಚವ್ವನ ಮಂಚದ ನಡುವೆ ಬಂದು ಬಿತ್ತು.

"ಎವ್ವಾ, ನಿನ್ನ ಮಂಚ ಒಂದ್ ಮೊಳ ಹಿಂದ ಸರಸ್ಲೇನು?"

"ನಲವತ್ತು ವರ್ಷ ಇಲ್ಲೇ ಕುಂತು ಲಿಂಗಪೂಜಿ ಮಾಡೇನಿ. ನಾ ಸರ್ಯಾಕಿ ಅಲ್ಲ. ನಿನ್ನ ತ್ರಿಕೋನಾನ ಸರೀಲಿ."

ಪೂಜೆಯ ಜಾಗವೆಂದ ಮೇಲೆ ಮುಗಿಯಿತು. ಮಗ ಹನ್ನೊಂದು ಸಾವಿರ ವೋಲ್ಟಿನ ತಂತಿ ಮುಟ್ಟಿಯಾನು, ಆ ಮಂಚ ಮುಟ್ಟಲಾರ. ಹಾಗಾಗಿ ವಿಜ್ಞಾನವೇ ಸರಿದುಕೊಂಡಿತು. ಕುರ್ಚಿಯನ್ನು ಮಂಚದ ಮುಂದೆ ತುರುಕಿದರು. ಕುರ್ಚಿ ಮುಂದೆ ಬಂದಷ್ಟೂ ಸ್ಪೀಕರುಗಳು ಹಿಂದೆ ಹೋಗಿ, ಹೋಗಿ, ಕೊನೆಗೆ ಎರಡು ಮೂಲೆಗಳಲ್ಲಿ ಪಾಠ ಒಪ್ಪಿಸದ ಮಕ್ಕಳ ಹಾಗೆ ನಿಂತವು. ತ್ರಿಕೋನ ಕಾಲು ಚಾಚಿ ಮಲಗಿತು.

ಮೊದಲ ಗಿರಾಕಿ ಬೆಲ್ಲದ ಬಾಗೇವಾಡಿಯ ಭೀಮಶಿ. ಡೊಳ್ಳಿನ ಪದ ಹಾಡುವವನು, ಸ್ವಂತ ಟ್ರ್ಯಾಕ್ಟರಿನ ಒಡೆಯ. ಮೂವರು ಡೊಳ್ಳಿನವರನ್ನು ಕಟ್ಟಿಕೊಂಡು ಬಂದು, ಗೋಡೆಯ ಸುಣ್ಣ ಉದುರುವಂತೆ ಹಾಡಿ ಮುಗಿಸಿದ. ಗುರುಲಿಂಗಪ್ಪನವರು ಕುರ್ಚಿಯಲ್ಲಿ ಒರಗಿ, ರೆಕಾರ್ಡಾದ ಹಾಡು ಹಚ್ಚಿದರು. ಡೊಳ್ಳು ಮೂಲೆಯಲ್ಲಿ ಸಿಕ್ಕಿಕೊಂಡು ಗುಂಯ್ ಎಂದು ಮೊರೆಯಿತು. ಅಟ್ಟದ ಹಂಡೆ ಅಲುಗಿತು, ಹಲ್ಲು ನಡುಗಿದವು.

"ದಪ್ಪ ಸದ್ದು ಭಾಳ ಆತು," ಎಂದು ಅವರು ಗುಂಡಿ ತಿರುವಿ ಇಳಿಸಿದರು. ಮತ್ತೆ ಇಳಿಸಿದರು. ಕಿವಿಗೆ ಹಿತವಾಗುವವರೆಗೂ ಇಳಿಸಿದರು.

ಹಿಂದಿನಿಂದ ಕೆಂಚವ್ವ ಅಂದಳು: "ಲೇ ಗುರಲಿಂಗ್ಯಾ, ಮೊರ್ಯಾಕತ್ತಿದ್ದು ಗ್ವಾಡಿ. ನೀ ಡೊಳ್ಳಿನ ಕುತ್ತಿಗಿ ಯಾಕ ಹಿಚಕ್ತಿ?"

"ಎವ್ವಾ, ಇದು ಎಂಜಿನಿಯರಿಂಗ್ ಮಾತು. ನಿನಗ ತಿಳ್ಯಂಗಿಲ್ಲ."

ಭೀಮಶಿಗೂ ಆ ಕೋಣೆಯಲ್ಲಿ ಹಾಡು ಭರ್ಜರಿಯಾಗಿಯೇ ಕೇಳಿಸಿತು. "ಭಾರೀ ಆಗೇತ್ರಿ ಕಾಕಾ!" ಎಂದು ಕಾಲಿಗೆ ಬಿದ್ದು ಹೋದ. ಗುರುಲಿಂಗಪ್ಪನವರು ಆ ದಿನ ಹೆಂಡತಿಯ ಎದುರು ಮೀಸೆಯನ್ನು ಎಷ್ಟು ತಿರುವಿದರೆಂದರೆ ಸಂಜೆಗೆ ಅದು ಎರಡಿಂಚು ಉದ್ದವಾಗಿತ್ತು.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರು ಮನೆಯ ಮುಂದೆ ಬಂದು ನಿಂತಿತು. ಭೀಮಶಿ ಸೀಟಿನಿಂದ ಇಳಿಯಲೂ ಇಲ್ಲ. ಹಾಡು ಹಚ್ಚಿದ. ಅಷ್ಟು ದೊಡ್ಡ ಪೆಟ್ಟಿಗೆಯಿಂದ ಟಪ್ ಟಪ್ ಎಂದು, ಖಾಲಿ ಎಣ್ಣೆ ಡಬ್ಬಿಯನ್ನು ಯಾರೋ ಚಮಚದಿಂದ ಬಡಿದಂತೆ, ಡೊಳ್ಳು ಹೊರಬಿತ್ತು.

"ಕಾಕಾ, ಊರ ಮಂದಿ ಎಲ್ಲಾ ನಿಂತಿದ್ರು. ನಮ್ಮ ಡೊಳ್ಳು ಕೇಳಿ ಒಬ್ಬಾಕಿ, ಗ್ಯಾಸ್ ಸಿಲಿಂಡರ್ ಬಂತೇನಂತ ಹೊರಗ ಬಂದ್ಳು!"

"ನಿನ್ನ ಪೆಟ್ಟಿಗಿ ಕೆಟ್ಟಿರಬೇಕೋ ತಮ್ಮಾ."

"ಪೆಟ್ಟಿಗಿ ಹೊಸಾದೈತ್ರಿ! ಇವತ್ತ ಸರಿ ಮಾಡ್ತೀರೋ, ನಾ ಗೋಕಾಕಕ್ಕ ಹೋಗ್ಲೋ?"

ದಾಕ್ಷಾಯಿಣಿಯವರು ಆಗಲೇ ಬಾಗಿಲ ಅಗಲ ಅಳೆಯುತ್ತಿದ್ದರು, ಮಷೀನು ಹಿಡಿಸುತ್ತದೋ ಇಲ್ಲವೋ ಎಂದು. ಗುರುಲಿಂಗಪ್ಪನವರು ಮೊಬೈಲಿನಲ್ಲಿ ಗಡ್ಡದವನನ್ನು ಹುಡುಕಿದರು. ಅವನು ಎರಡನೇ ನಿಮಿಷದಲ್ಲೇ ಹೇಳಿದ್ದ: ಮೂಲೆಗೆ ಹತ್ತಿದ ಸ್ಪೀಕರು ಹಾಡಿನಲ್ಲಿಲ್ಲದ ಗುಡುಗನ್ನು ಹುಟ್ಟಿಸುತ್ತದೆ, ಅದನ್ನು ನಂಬಿ ಸದ್ದು ಇಳಿಸಿದರೆ ಹಾಡೇ ಸೊರಗುತ್ತದೆ. (ನಲವತ್ತೊಂದು ಸಲವೂ ಅವರು ಆ ಹೊತ್ತಿಗೆ ಕುರ್ಚಿಯ ಬಣ್ಣ ನೋಡುತ್ತಿದ್ದರು.)

ಲಿಂಗಪೂಜೆ ಮುಗಿಸಿ ವಿಭೂತಿ ಇಟ್ಟುಕೊಂಡ ಕೆಂಚವ್ವ ಮಂಚದಿಂದಲೇ ಕೂಗಿದಳು: "ದಾಕ್ಷಾಯಣೀ, ಆ ಡಬ್ಬಿಗೋಳ್ನ ಮೊದಲನೇ ದಿನ ಎಲ್ಲಿದ್ವೋ ಅಲ್ಲೇ ಇಡು. ನನ್ನ ಕಿವಿ ಮಟ ಇರ್ಲಿ."

ಅತ್ತೆಯ ಮಾತಿಗೆ ಎಂದೂ ಹೂಂಗುಟ್ಟದ ಸೊಸೆ ಅಂದು, ಗಂಡನಿಗೆ ಬುದ್ಧಿ ಬರುವುದಾದರೆ ಬರಲೆಂದು, ಸೆರಗು ಸಿಕ್ಕಿಸಿ ಸ್ಪೀಕರುಗಳನ್ನು ಸುಣ್ಣದ ಗೆರೆಗೆ ಎಳೆದಳು. ಅಡ್ಡವಿದ್ದ ಕುರ್ಚಿ ಹೊರಬಿತ್ತು, ಕುರ್ಚಿಯ ಜೊತೆಗೆ ಎಂಜಿನಿಯರರೂ. ಹಾಡು ಹಚ್ಚಿದೊಡನೆ ಕೆಂಚವ್ವ ಕಣ್ಣು ಮುಚ್ಚಿ ಕಿವಿಗೊಟ್ಟಳು. ಮದುವೆಯಾದಾಗಿನಿಂದ ಬೀಸುವ ಪದ, ಭಜನೆ ಕೇಳಿ ಕೇಳಿ ಹದವಾದ ಕಿವಿ ಅದು. ಓಣಿಯ ಆ ತುದಿಯಲ್ಲಿ ಹಾಲು ಉಕ್ಕಿದರೆ ಯಾರ ಮನೆಯದೆಂದು ಹೇಳಬಲ್ಲದು.

"ಡೊಳ್ಳು ಏರಸು... ಇನ್ನೊಂದಿಷ್ಟು... ಸಾಕು. ಇವನ ದನಿ ಮೂಗಿನ್ಯಾಗಿಂದ ಬರಾಕತ್ತೈತಿ, ಇಳಸು. ಎಡಗಡಿ ಡೊಳ್ಳಿನವ ಒಂದ್ ಪೆಟ್ಟು ತಪ್ಪ್ಯಾನ."

"ಖರೇನ್ರಿ ಆಯಿ, ಅಂವಾ ಯಾವಾಗ್ಲೂ ತಪ್ತಾನ!" ಭೀಮಶಿ ಬೆರಗಾದ. ದಾಕ್ಷಾಯಿಣಿಯವರ ಕೈ ಗುಂಡಿಗಳ ಮೇಲೆ ಹೋಳಿಗೆ ಹಿಟ್ಟು ನಾದುವಷ್ಟೇ ಹದವಾಗಿ ಓಡಾಡಿತು.

ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚಿದಾಗ ಡೊಳ್ಳು ಮೂಡಲಗಿಯಲ್ಲಿ ಬಿದ್ದು ಹುಕ್ಕೇರಿಯಲ್ಲಿ ಎದ್ದಿತು. ಓಣಿಯ ಮಂದಿ ಕುಣಿದರು. ಕೋಣೆ ಸ್ಟುಡಿಯೋಕ್ಕೇ ಉಳಿಯಿತು. ಶಾವಿಗೆ ಮಷೀನಿನ ಮಾತನ್ನು ದಾಕ್ಷಾಯಿಣಿಯವರೇ ಬಿಟ್ಟರು, ಅವರಿಗೀಗ ಪುರುಸೊತ್ತಿಲ್ಲ.

ಒಪ್ಪಂದದ ಪ್ರಕಾರ ಗೆದ್ದವರು ಗುರುಲಿಂಗಪ್ಪನವರೇ. ಇದನ್ನು ಅವರು ಪಡಸಾಲೆಯಲ್ಲಿ ಕುಳಿತು ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾಗ ದಡ್ಡಿಯಿಂದ ಒಬ್ಬ ಹಾಡುಗಾರ್ತಿಯ ಫೋನು ಬಂತು.

"ಕೆಂಚವ್ವಾರ ಸ್ಟುಡಿಯೋ ಏನ್ರಿ?"

"ಹೂಂನ್ರಿ... ನಾ ಅವರ ಮಗಾ."

"ಹೌದೇನ್ರಿ? ನೀವು ಅಲ್ಲೇನ್ ಮಾಡ್ತೀರಿ?"

ಗುರುಲಿಂಗಪ್ಪನವರು 'ಎಂಜಿನಿಯರ್' ಅನ್ನಲು ಮೀಸೆಗೆ ಕೈ ಹಾಕಿದರು. ಅಷ್ಟರಲ್ಲಿ ಎರಡು ಮೊಳದ ಗೋಡೆ ದಾಟಿ ಕೆಂಚವ್ವನ ದನಿ ಬಂತು:

"ಚಾ ಮಾಡ್ತಾನಂತ ಹೇಳೋ! ಸಕ್ರಿ ಜಾಸ್ತಿ ಹಾಕ್ತಾನ, ಕಲಿಸಾಕತ್ತೇವಿ!"