ಸಮ್ಮಟಿ ಹಿಡಿಯುವವರು ಬೇಕಾಗಿದ್ದಾರೆ

“ಅಣ್ಣಾ, ವಿಷ್ಯ ಗೊತ್ತಾಯ್ತಾ? ಅತ್ತಿಗೆ ಎದುರಿನ ವೆಲ್ಡಿಂಗ್ ಅಂಗಡೀಲಿ ಕೆಲಸಕ್ಕೆ ಸೇರ್ಕೊಂಡ್ಬಿಟ್ರು!”

ಕ್ಷೌರದಂಗಡಿಯವನು ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡೇ ಓಡಿ ಬಂದಿದ್ದ. ಪಕ್ಕದಲ್ಲೇ ಇದ್ದ ಅವನ ಅಂಗಡಿಯಲ್ಲಿ ಗಿರಾಕಿಯೊಬ್ಬ ಅರ್ಧ ಮೀಸೆ ಕಳೆದುಕೊಂಡು, ಉಳಿದರ್ಧಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದ. ಇಂಥ ಸುದ್ದಿ ಕೈಗೆ ಸಿಕ್ಕಿರುವಾಗ ಇನ್ನೊಬ್ಬರ ಮೀಸೆಯ ಚಿಂತೆ ಯಾರಿಗೆ?

ಕುಲುಮೆಗೆ ಇದ್ದಿಲು ಸುರಿಯುತ್ತಿದ್ದ ಕಮ್ಮಾರ ಬುಟ್ಟಿ ಸಮೇತ ಕಲ್ಲಾದ. “ಯಾರ ಅತ್ತಿಗೆ?”

“ನನ್ನ ಅತ್ತಿಗೆ. ಅಂದ್ರೆ ನಿನ್ನ ಹೆಂಡ್ತಿ.”

ಕಮ್ಮಾರ ಬೀದಿಯಾಚೆ ಇಣುಕಿದ. ವೆಲ್ಡಿಂಗ್ ಅಂಗಡಿಯ ಮುಂದೆ ಸೆರಗು ಸಿಕ್ಕಿಸಿ, ಮುಖಕ್ಕೆ ಕಪ್ಪು ಗಾಜಿನ ಮುಖವಾಡ ಹಿಡಿದು ಯಾರೋ ನಿಂತಿದ್ದರು. ಮುಖ ಕಾಣದಿದ್ದರೇನು, ಆ ನಿಲುವು ಗುರುತು ಸಿಗದೆ ಇರುತ್ತದೆಯೇ? ಮನೆಗೆ ತಡವಾಗಿ ಬಂದಾಗಲೆಲ್ಲ ಬಾಗಿಲಲ್ಲಿ ಕಾಣುತ್ತಿದ್ದ ನಿಲುವು ಅದು!

ತಪ್ಪು ನಡೆದದ್ದು ಹಿಂದಿನ ದಿನ. ಕೊಡಲಿ ಮಾಡಿಸಿಕೊಂಡ ಗಿರಾಕಿಯೊಬ್ಬರು, “ನಿಮ್ಮ ಮನೆಯವರ ಏಟು ಅಂದ್ರೆ ಏಟು ಕಣ್ರೀ” ಎಂದು ಹೊಗಳಿದ್ದರು. ಅಷ್ಟಕ್ಕೆ ಹಲ್ಲು ಕಿರಿದು ಸುಮ್ಮನಾಗಬಹುದಿತ್ತು. ನಮ್ಮ ಕಮ್ಮಾರ ತಲೆ ಮುಟ್ಟಿಕೊಂಡು, “ಅಯ್ಯೋ, ಅವಳದೇನಿದೆ ಬಿಡಿ! ಚಿಕ್ಕ ಸುತ್ತಿಗೇಲಿ ನಾನು ತೋರಿಸ್ತೀನಿ, ಅವಳು ಅಲ್ಲಿಗೆ ಸಮ್ಮಟಿ ಹಾಕ್ತಾಳೆ. ಬುದ್ಧಿಯೆಲ್ಲ ಇಲ್ಲಿ. ಹೊಡೆಯೋಕೆ ಯಾರಾದ್ರೂ ಆದೀತು” ಎಂದುಬಿಟ್ಟ. ಗೋಡೆಯಾಚೆ ಪಾತ್ರೆ ಉಜ್ಜುವ ಸದ್ದು ಗಕ್ಕನೆ ನಿಂತಿತು. ಆ ಮೌನ ಅವನಿಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

ಕುಲುಮೆಯ ಕೆಲಸವೇ ಹಾಗೆ. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು, ಕಮ್ಮಾರ ಚಿಕ್ಕ ಸುತ್ತಿಗೆಯಿಂದ ಟಿಣ್ ಎಂದು ಒಂದು ಜಾಗ ಮುಟ್ಟುತ್ತಾನೆ. ಎದುರಿಗೆ ನಿಂತವರು ದೊಡ್ಡ ಸಮ್ಮಟಿ ಎತ್ತಿ ಅದೇ ಜಾಗಕ್ಕೆ ಧಣ್ ಎಂದು ಹೊಡೆಯಬೇಕು. ಬರೀ ಅಡಿಗಲ್ಲಿನ ಮೇಲೆ ಟಿಣ್ ಎಂದರೆ ನಿಲ್ಲಿಸು ಎಂದರ್ಥ. ಬಾಯಿಗೆ ಕೆಲಸವೇ ಇಲ್ಲ. ಹಾಗಾಗಿ ಗಂಡ ಹೆಂಡತಿ ಬಿಡುವಾಗಿದ್ದ ಬಾಯಲ್ಲಿ ಜಗಳವಾಡುತ್ತಲೇ ಎಷ್ಟೋ ಕುಡುಗೋಲು, ಕೊಡಲಿ ಮಾಡಿ ಮುಗಿಸಿದ್ದರು.

ಆದರೆ ಇವತ್ತು ಕುಡುಗೋಲಿನ ಮಾತಲ್ಲ. ಸಂಜೆ ಕಲ್ಲು ಕ್ವಾರಿಯ ಮೇಸ್ತ್ರಿ ಬರುವವರಿದ್ದರು. ಒಂದು ಹಾರೆ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಕ್ವಾರಿಯ ಹಾರೆ, ಉಳಿ, ಪಿಕಾಸಿ ಎಲ್ಲವೂ ಇನ್ನು ಮೇಲೆ ಈ ಕುಲುಮೆಗೇ. ಇಲ್ಲದಿದ್ದರೆ ಎದುರಿನ ವೆಲ್ಡಿಂಗ್ ಅಂಗಡಿಗೆ. ಆ ಅಂಗಡಿ ಬಂದಾಗಿನಿಂದ ಕುಲುಮೆ ಅರೆಹೊಟ್ಟೆಯಲ್ಲಿತ್ತು. ಇದೂ ಕೈತಪ್ಪಿದರೆ ಬೆಂಕಿಗೆ ನೀರು ಸುರಿದು ಬಾಗಿಲು ಹಾಕುವುದೇ.

“ಹೋಗಿ ಕರ್ಕೊಂಡ್ ಬಾರೋ,” ಎಂದಳು ಬೆಂಕಿಗೆ ಗಾಳಿಯೂದುವ ತಿದಿ ಒತ್ತುತ್ತಿದ್ದ ಅವನ ತಾಯಿ. “ಎರಡು ಒಳ್ಳೆ ಮಾತಾಡಿದ್ರೆ ನಿನ್ನ ನಾಲಿಗೆ ಸವೆದು ಹೋಗಲ್ಲ.”

“ಕರೆಯಲ್ಲ! ಸಂಜೆಯೊಳಗೆ ಹಾರೆ ಮಾಡ್ತೀನಿ. ಅವಳಿಲ್ದೇನೇ ಮಾಡ್ತೀನಿ. ನೋಡ್ತಾ ಇರಮ್ಮ!”

“ನೋಡ್ದೆ ಏನು? ಬೇರೆ ಕೆಲಸ ಏನಿದೆ ನನಗೆ,” ಎಂದು ತಾಯಿ ತಿದಿಯನ್ನು ಭುಸ್ಸೆನಿಸಿದಳು.

ಮೊದಲು ಸಿಕ್ಕವನು ಎದುರಿಗೇ ನಿಂತಿದ್ದ ಕ್ಷೌರದವನು. ಹುರುಪಿನಿಂದಲೇ ಸಮ್ಮಟಿ ಎತ್ತಿದ. ಆದರೆ ಜನ್ಮವಿಡೀ ಕೆನ್ನೆ ಸವರಿದ ಕೈ. ಕಬ್ಬಿಣಕ್ಕೂ ಎಲ್ಲಿ ಗಾಯವಾದೀತೋ ಎನ್ನುವಂತೆ ಮೆಲ್ಲಗೆ ಇಳಿಸಿ, “ಸಾಕಾ ಅಣ್ಣಾ? ಇನ್ನೂ ಸ್ವಲ್ಪ ತೆಗೀಲಾ?” ಎಂದು ಕೇಳಿದ.

“ಲೋ, ಅದಕ್ಕೇನು ಗಡ್ಡ ಬಂದಿದೆಯೇನೋ! ಹೊಡಿಯೋ!”

ಅಷ್ಟರಲ್ಲಿ ಅರ್ಧ ಮೀಸೆಯ ಗಿರಾಕಿ ಬಂದು ಅವನ ಕಾಲರ್ ಹಿಡಿದು ಎಳೆದುಕೊಂಡು ಹೋದ.

ಆಮೇಲೆ ಬಂದವರು ದರ್ಜಿ. ವಯಸ್ಸಾದವರು, ಅಚ್ಚುಕಟ್ಟಿನ ಮನುಷ್ಯ. ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡೇ ಬಂದರು. ಕಮ್ಮಾರ ಟಿಣ್ ಎನಿಸಿದ. ದರ್ಜಿ ಒಂದು ಕಣ್ಣು ಮುಚ್ಚಿ ಜಾಗ ನೋಡಿದರು. ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಆ ಕಡೆಯಿಂದ ಬಗ್ಗಿ ನೋಡಿದರು.

“ಹೊಡೀರಿ ಮಾವಾ, ಆರೋಗತ್ತೆ!”

“ಅವಸರ ಮಾಡ್ಬಾರ್ದಪ್ಪ. ಬಟ್ಟೆ ಒಂದ್ಸಲ ಕತ್ತರಿಸಿದ್ರೆ ಮುಗೀತು.”

“ಇದು ಬಟ್ಟೆ ಅಲ್ಲ ಮಾವಾ! ತಪ್ಪಾದ್ರೆ ಮತ್ತೆ ಕಾಯಿಸ್ಬಹುದು!”

“ಮತ್ತೆ ಯಾಕಪ್ಪ ಅವಸರ?”

ದರ್ಜಿಯವರ ಸಮ್ಮಟಿ ಇಳಿಯುವ ಹೊತ್ತಿಗೆ ಕಬ್ಬಿಣ ಮರೆತಿಟ್ಟ ಕಾಫಿಯಂತೆ ತಣ್ಣಗಾಗಿತ್ತು. ಮತ್ತೆ ಕಾಯಿಸಿದ, ಮತ್ತೆ ಆರಿತು. ತಿದಿಯ ಹತ್ತಿರ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಎದುರಂಗಡಿಯ ಮುಖವಾಡ ಕೂಡ ಈ ಕಡೆಗೇ ತಿರುಗಿತ್ತು.

ಕಮ್ಮಾರ ಹಲ್ಲು ಕಚ್ಚಿದ. ಬಿಡುವ ಜಾತಿಯೇ ಅಲ್ಲ ಅವನು. ಹೋಗಿ ಇದ್ದಿಲು ಮಾರುವವನನ್ನು ಕರೆತಂದ. ಇದ್ದಿಲಿನವನೆಂದರೆ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಮೂಟೆಗಳನ್ನು ದಿಂಬಿನ ಹಾಗೆ ಎತ್ತುತ್ತಿದ್ದ.

“ನೋಡಪ್ಪಾ, ನಾನು ಈ ಸುತ್ತಿಗೇಲಿ ಎಲ್ಲಿ ಮುಟ್ತೀನೋ ಅಲ್ಲಿಗೇ ಹೊಡೀಬೇಕು. ಹಿಂದೆ ಮುಂದೆ ನೋಡ್ಬಾರ್ದು. ನನ್ನ ಕೇಳ್ಬಾರ್ದು. ತಿಳೀತಾ?”

“ತಿಳೀತಣ್ಣ.”

ಟಿಣ್! ಧಣಾರ್! ಅಡಿಗಲ್ಲು ನಡುಗಿತು, ಸೂರಿನ ಧೂಳು ಉದುರಿತು. ಕಮ್ಮಾರನ ಮುಖ ಅರಳಿತು. ಟಿಣ್, ಧಣಾರ್! ಟಿಣ್, ಧಣಾರ್! ಇದ್ದಿಲಿನವನು ಕೂದಲೆಳೆಯೂ ತಪ್ಪದೆ ತೋರಿಸಿದಲ್ಲಿಗೇ ಹೊಡೆದ. ಕೊನೆಗೆ ಕಮ್ಮಾರ ಬೀಗುತ್ತಾ ಹಾರೆಯನ್ನು ಎತ್ತಿ ಬೆಳಕಿಗೆ ಹಿಡಿದ.

ಹಾರೆ ಸೊಟ್ಟಗಿತ್ತು. ಸುಮ್ಮನೆ ಸೊಟ್ಟವಲ್ಲ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಹಾವು ರಸ್ತೆ ದಾಟಲು ಹೊರಟು ಮನಸ್ಸು ಬದಲಾಯಿಸಿದಂತೆ.

“ಏನಿದು!” ಎಂದು ಕಮ್ಮಾರ ಸಿಟ್ಟಿನಲ್ಲಿ ಪಕ್ಕದ ನೀರಿನ ತೊಟ್ಟಿಗೆ ಸುತ್ತಿಗೆ ಕುಟ್ಟಿದ.

ಧಣಾರ್! ತೊಟ್ಟಿ ಚೂರಾಗಿ ನೀರು ಬೀದಿ ಸೇರಿತು.

“ಅಯ್ಯೋ, ಅದಕ್ಯಾಕೋ ಹೊಡ್ದೆ?”

“ನೀನೇ ಮುಟ್ಟಿದ್ಯಲ್ಲಣ್ಣ.”

ತಲೆ ಚಚ್ಚಿಕೊಳ್ಳಲು ಕಮ್ಮಾರ ಸುತ್ತಿಗೆಯ ಕೈಯನ್ನೇ ಎತ್ತಿದ. ಇದ್ದಿಲಿನವನೂ ಸಮ್ಮಟಿ ಎತ್ತಿದ. ಕಮ್ಮಾರನ ಕೈ ಅರ್ಧಕ್ಕೇ ನಿಂತಿತು. ನಿಲ್ಲಿಸು ಎನ್ನುವ ಅಡಿಗಲ್ಲಿನ ಸನ್ನೆಯನ್ನು ಇವನಿಗೆ ಹೇಳಿಕೊಟ್ಟೇ ಇಲ್ಲ! ಸುತ್ತಿಗೆಯನ್ನು ಇಳಿಸುವುದಾದರೂ ಎಲ್ಲಿಗೆ? ನೆಲಕ್ಕಿಟ್ಟರೆ ನೆಲ ಹೋಯಿತು, ತೊಡೆಗೆ ತಾಗಿದರೆ ತೊಡೆ ಹೋಯಿತು. ಚೌಕದಲ್ಲಿ ನಿಲ್ಲಿಸಿದ ಪ್ರತಿಮೆಯ ಹಾಗೆ ಕೈ ಮೇಲೆತ್ತಿ ನಿಂತುಬಿಟ್ಟ.

“ಏನ್ರೀ, ಯಾರಿಗೆ ಟಾಟಾ ಮಾಡ್ತಿದ್ದೀರಿ?”

ಬಾಗಿಲಲ್ಲಿ ಮೇಸ್ತ್ರಿ! ಒಳಗೆ ಬಂದು ಸೊಟ್ಟ ಹಾರೆಯನ್ನು ಎತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು.

“ಇದರಲ್ಲಿ ಕಲ್ಲು ಮೀಟೋದಾ, ಬಾವಿಗೆ ಬಿದ್ದ ಬಿಂದಿಗೆ ಎತ್ತೋದಾ?” ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೀದಿಗಿಳಿದರು. “ಎದುರಂಗಡೀಲಿ ವಿಚಾರಿಸ್ತೀನಿ ಬಿಡಿ.”

ಕಮ್ಮಾರ ಒಂದು ಕ್ಷಣ ಕುಲುಮೆಯ ಬೆಂಕಿ ನೋಡಿದ, ಒಂದು ಕ್ಷಣ ತಾಯಿಯ ಮುಖ ನೋಡಿದ. ಆಮೇಲೆ ಸುತ್ತಿಗೆಯನ್ನು ಅವಳ ಕೈಗೆ ತುರುಕಿ ಓಡಿದ. ಮೇಸ್ತ್ರಿಯನ್ನು ದಾಟಿ, ಹಸುವೊಂದನ್ನು ದಾಟಿ, ವೆಲ್ಡಿಂಗ್ ಅಂಗಡಿಗೆ ನುಗ್ಗಿ ಮುಖವಾಡದ ಮುಂದೆ ನಿಂತ.

“ಬಾರೇ ಮನೆಗೆ.”

ಮುಖವಾಡ ಆ ಕಡೆಗೆ ತಿರುಗಿತು.

“ನಂದು ತಪ್ಪಾಯ್ತು ಕಣೇ. ನೀನಿಲ್ದೆ ಆಗಲ್ಲ.”

“ಜೋರಾಗಿ ಹೇಳಿ. ಮೆಷೀನ್ ಸದ್ದಿಗೆ ಕೇಳಿಸ್ತಿಲ್ಲ.”

ಮೆಷೀನು ಯಾವಾಗಲೋ ನಿಂತಿತ್ತು. ಆದರೂ ಕಮ್ಮಾರ ಇಡೀ ಬೀದಿಗೆ ಕೇಳುವಂತೆ ಹೇಳಿದ. ಕ್ಷೌರದವನ ಗಿರಾಕಿ ನೊರೆಯ ಮುಖ ಹೊರಹಾಕಿ ಚಪ್ಪಾಳೆ ತಟ್ಟಿದ.

ಹೆಂಡತಿ ಮುಖವಾಡ ತೆಗೆದಳು. “ಬರ್ತೀನಿ. ಆದ್ರೆ ಇವತ್ತು ತೋರಿಸೋದು ನಾನು, ಹೊಡೆಯೋದು ನೀವು.”

ಕಮ್ಮಾರ ತಲೆಯಾಡಿಸಿದ. “ಆಗ್ಲಿ. ಬಾ.” ಮೇಸ್ತ್ರಿಯತ್ತ ತಿರುಗಿ ಕೈ ಮುಗಿದ. “ಸ್ವಾಮಿ, ಒಂದು ಟೀ ಕುಡಿಯೋಷ್ಟು ಹೊತ್ತು ಕೊಡಿ.”

ಮೇಸ್ತ್ರಿ ಮಜಾ ನೋಡಲೆಂದೇ ಬಂದು ಕಟ್ಟೆಯ ಮೇಲೆ ಕೂತರು. ಕ್ಷೌರದವನು ಬಕೆಟ್ಟಿನಲ್ಲಿ ನೀರು ತಂದಿಟ್ಟ. ತಾಯಿ ತಿದಿಗೆ ಜೀವ ಕೊಟ್ಟಳು. ಹೊಸ ಕಬ್ಬಿಣ ಕಾದು ಕೆಂಪಾಯಿತು. ಹೆಂಡತಿ ಅದನ್ನು ಇಕ್ಕಳದಲ್ಲಿ ಹಿಡಿದು, ತುಸು ಬಲಕ್ಕೆ ಮುಟ್ಟಿದಳು. ಟಿಣ್.

“ಲೇ, ಅಲ್ಲಲ್ವೇ, ಸ್ವಲ್ಪ ಎಡಕ್ಕೆ…”

“ಬಾಯಲ್ಲ, ಸಮ್ಮಟಿ!” ಎಂದಳು ತಾಯಿ.

“ಎಡಕ್ಕೇ ತೋರಿಸ್ತಿದ್ರಿ ನೀವು, ದಿನಾ,” ಎಂದಳು ಹೆಂಡತಿ, ಕಬ್ಬಿಣದಿಂದ ಕಣ್ಣೆತ್ತದೆ. “ನಾನು ಬಲಕ್ಕೇ ಹೊಡೀತಿದ್ದೆ. ಅದಕ್ಕೇ ನೆಟ್ಟಗೆ ಬರ್ತಿತ್ತು.”

ಕಮ್ಮಾರ ಅಂಗೈಗೆ ಉಗುಳಿ ತಿಕ್ಕಿಕೊಂಡ. ಸಮ್ಮಟಿ ಎತ್ತಿದ. ಟಿಣ್, ಧಣ್. ಟಿಣ್, ಧಣ್. ತೋಳು ಉರಿಯಿತು, ಸೊಂಟ ಕಿರುಗುಟ್ಟಿತು, ಆದರೂ ನಿಲ್ಲಿಸಲಿಲ್ಲ. ಕಬ್ಬಿಣ ಅವಳ ಸುತ್ತಿಗೆಯ ಹಿಂದೆ ಸಾಕಿದ ನಾಯಿಯಂತೆ ನಡೆಯಿತು. ಕೊನೆಗೆ ಬಕೆಟ್ಟಿನಲ್ಲಿ ಚುಯ್ಯೆಂದು ಅದ್ದಿ ಎತ್ತಿದರೆ, ಆಹಾ, ದಾರ ಎಳೆದಂಥ ಹಾರೆ!

ಮೇಸ್ತ್ರಿ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿದರು. ಅಂಗಳದ ಬಂಡೆಗೆ ಹಾಕಿ ಮೀಟಿದರು. ಬಂಡೆ ಅಲುಗಿತು. “ಸೈ! ಕ್ವಾರಿ ಕೆಲಸ ಎಲ್ಲ ನಿಮಗೇ.”

ಗೆದ್ದೆ ಎಂದು ಕಮ್ಮಾರ ಸಮ್ಮಟಿಯನ್ನು ನೆಲಕ್ಕೆ ಬಿಟ್ಟ. “ನಾಳೆಯಿಂದ ನಾನೇ ನಿಂತು ಮಾಡಿಸ್ತೀನಿ ಸ್ವಾಮಿ!”

“ಅದೊಂದು ಬೇಡ,” ಎಂದರು ಮೇಸ್ತ್ರಿ, ಅವನ ಹೆಂಡತಿಯತ್ತ ಕೈ ತೋರಿಸಿ. “ನಂದೊಂದೇ ಷರತ್ತು. ಸುತ್ತಿಗೆ ಈ ತಾಯಿ ಕೈಲೇ ಇರ್ಬೇಕು.”

“ಸ್ವಾಮಿ, ಈ ಕುಲುಮೆ ಕಮ್ಮಾರ ನಾನು!”

ಮೇಸ್ತ್ರಿ ಕಟ್ಟೆಗೆ ಒರಗಿಸಿದ್ದ ಸೊಟ್ಟ ಹಾರೆ ತಂದು ಹೊಸದರ ಪಕ್ಕಕ್ಕೆ ಹಿಡಿದರು. “ಇದು ಯಾರು ತೋರಿಸಿ ಮಾಡ್ಸಿದ್ದು?”

ಕಮ್ಮಾರ ಸೂರಿನತ್ತ ನೋಡಿದ. ಇದ್ದಿಲಿನವನು ಎದೆಯುಬ್ಬಿಸಿ ಮುಂದೆ ಬಂದ. “ಅಣ್ಣನೇ ಸ್ವಾಮಿ! ಹೇಳಿದಲ್ಲಿಗೇ ಹೊಡ್ದಿದೀನಿ, ಒಂದೇಟೂ ತಪ್ಪಿಲ್ಲ!”

“ನಾಳೆ ಬೆಳಿಗ್ಗೆ ಕ್ವಾರಿ ಸಾಹುಕಾರರನ್ನ ಕರ್ಕೊಂಡ್ ಬರ್ತೀನಿ ತಾಯಿ,” ಎಂದು ಮೇಸ್ತ್ರಿ ಹೊರಡಲು ತಿರುಗಿದರು. “ಅವರೆದುರಿಗೆ ಒಂದು ಪಿಕಾಸಿ. ಹೀಗೇ ಮಾಡಿ ತೋರಿಸ್ಬಿಡಿ.”

“ಬನ್ನಿ. ಬಿಸಿಲೇರೋ ಮುಂಚೆ ಬಂದ್ಬಿಡಿ,” ಎಂದಳು ಹೆಂಡತಿ.

ಮೇಸ್ತ್ರಿ ಹೋದರು. ಕಮ್ಮಾರ ಬೊಬ್ಬೆ ಎದ್ದ ಅಂಗೈಯನ್ನು ಊದಿಕೊಳ್ಳುತ್ತಾ ಮೆಲ್ಲಗೆ ಕೇಳಿದ, “ನಾಳೆ ನಾನೂ ಇರ್ಬೇಕೇನೇ?”

“ಇರ್ದೆ ಮತ್ತೆ? ಸಾಹುಕಾರರು ಬರೋದ್ರೊಳಗೆ ಮೈಕೈ ಸಡಿಲ ಮಾಡ್ಕೊಂಡು ಇಲ್ಲಿ ನಿಂತಿರಿ. ತಡ ಮಾಡಿದ್ರೆ ಇವರನ್ನ ಕರೀತೀನಿ,” ಎಂದು ಅವಳು ಇದ್ದಿಲಿನವನತ್ತ ಗದ್ದದಲ್ಲೇ ತೋರಿಸಿದಳು.

“ನಾನು ಯಾವಾಗ್ಲೂ ರೆಡಿ ಅಕ್ಕಾ,” ಎಂದ ಅವನು.

“ಬೇಡ, ಬೇಡ,” ಎಂದು ಕಮ್ಮಾರ ಸಮ್ಮಟಿಯನ್ನು ಎದೆಗವಚಿಕೊಂಡ. “ಬೆಳಕು ಹರಿಯೋಕೆ ಮುಂಚೆ ಇಲ್ಲೇ ಇರ್ತೀನಿ.”